ರಾಚಪ್ಪನವರು ಮೀಟಿದ ಗಿಟಾರು

ತಿ. ನರಸೀಪುರದ ಬಸ್ ಸ್ಟ್ಯಾಂಡ್ ಎದುರು ಮಿಕ್ಸಿ, ಫ್ಯಾನು, ರೇಡಿಯೊ ರಿಪೇರಿ ಮಾಡುವ ರಾಚಪ್ಪನವರು ಕೆಟ್ಟ ವಸ್ತು ಕಂಡರೆ ನೆಂಟರು ಬಂದಷ್ಟು ಹಿಗ್ಗುತ್ತಾರೆ. ಗಿರಾಕಿ ಬಾಯಿ ಬಿಡುವ ಮೊದಲೇ ಸ್ಕ್ರೂಡ್ರೈವರ್ ಕೈಗೆ ಬಂದಿರುತ್ತದೆ. ಮಿಕ್ಸಿಯನ್ನೂ 'ಏನಾಗದೆ ನಿಂಗೆ, ಏಳು' ಎಂದು ಮಾತಾಡಿಸುತ್ತಾರೆ. ಅವರು 'ಆಗಲ್ಲ' ಎಂದದ್ದನ್ನು ಊರಿನಲ್ಲಿ ಯಾರೂ ಕೇಳಿಲ್ಲ. ಕಾಲೇಜು ಹುಡುಗಿ ಸಿಂಧು ಎಲೆಕ್ಟ್ರಿಕ್ ಗಿಟಾರು ತಂದು, "ಈ ಸ್ವಿಚ್ಚಲ್ಲಿ ಮೂರೇ ಥರ ಸೌಂಡ್ ಬರೋದು ಅಂಕಲ್, ನಂಗೆ ಐದು ಬೇಕು. ಮೈಸೂರಲ್ಲಿ ಹೊಸ ಗಿಟಾರೇ ತಗೋ ಅಂದ್ರು. ನಾಳಿದ್ದು ಕಾಂಪಿಟೇಶನ್" ಎಂದಾಗ, ಜನ್ಮದಲ್ಲಿ ಗಿಟಾರು ಮುಟ್ಟದ ರಾಚಪ್ಪನವರು, "ವೈರು ತಾನೆ, ಬಿಚ್ಚಿ ನೋಡಾಣ ಕಣವ್ವ" ಎಂದರು. ತಂತಿಗಳ ನಾದ ಹಿಡಿಯುವ ಮೂರು ಪಿಕಪ್‌ಗಳ ವೈರು ಎಲ್ಲಿಂದೆಲ್ಲಿಗೆ ಹೋಗಿದೆಯೆಂದು ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಮೂಲೆಯ ಹಳೇ ರೇಡಿಯೊ ಒಂದರಿಂದ ಐದು ಕಡೆಗೆ ತಿರುಗುವ ಬ್ಯಾಂಡ್ ಸ್ವಿಚ್ ಕಿತ್ತು ಗಿಟಾರಿಗೆ ಕೂರಿಸಿದರು. ಅಂಗಡಿಯ ಮೈಕ್ ಸೆಟ್ಟಿಗೆ ಸಿಕ್ಕಿಸಿದರೆ ಅವತ್ತು ಬರೀ ಗುಂಯ್ ಎಂದಿತು. ಮರುದಿನ ಎಲ್ಲ ಬಿಚ್ಚಿ ಮತ್ತೆ ಬೆಸುಗೆ ಹಾಕಿದರು. ಸಿಂಧು ಸ್ವಿಚ್ ತಿರುಗಿಸುತ್ತ ಮೀಟಿದಳು. ಒಂದಕ್ಕಿಂತ ಒಂದು ಬೇರೆಯಾಗಿ ಐದೂ ದನಿ ಬಂದವು! "ಬಂತು ಅಂಕಲ್!" ಎಂದು ಅವಳು ಕುಣಿದಳು. ರಾಚಪ್ಪನವರು ಕೈ ಒರೆಸಿಕೊಂಡು ಮೆಲ್ಲಗೆ, "ನಾನೊಂದ್ಸಲ ಮೀಟ್ಲೇನವ್ವ?" ಎಂದರು. ಮೂವತ್ತು ವರ್ಷ ಊರಿನ ಮೈಕು, ಹಾರ್ಮೋನಿಯಂ, ರೇಡಿಯೊಗಳಿಗೆಲ್ಲ ದನಿ ಕೊಟ್ಟವರು ತಮಗಾಗಿ ಒಂದನ್ನೂ ನುಡಿಸಿರಲಿಲ್ಲ. ಸುಟ್ಟ ಕಲೆಗಳ ಹೆಬ್ಬೆರಳನ್ನು ಆರೂ ತಂತಿಯ ಮೇಲೆ ಎಳೆದಾಗ, ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ರಾಚಪ್ಪನವರು ಎದೆಯುಬ್ಬಿಸಿ, ಇನ್ನಷ್ಟು ಜೋರಾಗಿ ಎಳೆದರು.