ಕಣ್ಣಾಸ್ಪತ್ರೆ ಅಂಗಳದ ಹನ್ನೊಂದು ಗುಲಾಬಿ

ಬೆಳಗಿನ ಐದೂವರೆ ಗಂಟೆ. ಕಣ್ಣಾಸ್ಪತ್ರೆಯ ಹಿಂಬದಿಯ ಅಂಗಳದಲ್ಲಿ ಇನ್ನೂ ಟ್ಯೂಬ್‌ಲೈಟ್ ಉರಿಯುತ್ತಿದೆ. ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಮಂಡಿಯೂರಿ ಕುಳಿತು, ಗುಲಾಬಿಯ ಒಂದೊಂದೇ ಮೊಗ್ಗನ್ನು ಎರಡು ಬೆರಳ ನಡುವೆ ಮೆತ್ತಗೆ ಒತ್ತಿ ನೋಡುತ್ತಿದ್ದಾರೆ. ಮೊಗ್ಗು ಗಟ್ಟಿಯಾಗಿದ್ದರೆ ಅರಳುವುದು ನಾಳೆ. ಬೆರಳಿಗೆ ತುಸು ಬಿಟ್ಟುಕೊಟ್ಟರೆ ಇವತ್ತೇ. ಸೊಂಟದ ಪಟ್ಟಿಯಲ್ಲಿ ಗಿಡ ಕತ್ತರಿಸುವ ಕತ್ತರಿ ಸಿಕ್ಕಿಸಿಕೊಂಡಿದ್ದಾರೆ. ಲಿಫ್ಟಿನಲ್ಲಿ ಹೋಗುವಾಗಲೂ, ಊಟಕ್ಕೆ ಕೂರುವಾಗಲೂ ಅದು ಅಲ್ಲೇ ಇರುತ್ತದೆ. ಹಾಗಾಗಿ ಇಡೀ ಆಸ್ಪತ್ರೆಗೆ ಇವರು ಕತ್ತರಿಯಕ್ಕ.

"ಒಂಬತ್ತು ಅರಳುತ್ತೆ ಇವತ್ತು," ಎನ್ನುತ್ತಾ ಏಳುತ್ತಾರೆ. "ಹನ್ನೊಂದು ಗಂಟೆವರೆಗೆ ಮುಖ ಬಾಡಿಸ್ಕೊಳ್ಳದೆ ಇದ್ರೆ ಸಾಕು. ಆಮೇಲೆ ಉದುರಿದ್ರೂ ನಾನು ಬೇಜಾರು ಮಾಡ್ಕೊಳ್ಳಲ್ಲ."

ಹನ್ನೊಂದಕ್ಕೆ ಆಸ್ಪತ್ರೆಯ ಟ್ರಸ್ಟಿನವರು ಬರುತ್ತಾರೆ. ಇಪ್ಪತ್ತೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಈ ಅಂಗಳಕ್ಕೆ ಶೀಟು ಹೊದಿಸಿ ಕನ್ನಡಕದ ಅಂಗಡಿ ಮಾಡಬೇಕೆಂಬುದು ಆಡಳಿತಾಧಿಕಾರಿಯ ಆಸೆ. ಹೋದ ವರ್ಷವೇ ಆ ಕೆಲಸ ಮುಗಿದುಹೋಗಬೇಕಿತ್ತು. ಕತ್ತರಿಯಕ್ಕ ಅವರ ಮೇಜಿನ ಮುಂದೆ ನಿಂತು ಒಂದು ಬೇಸಿಗೆಯ ಗಡುವು ಕೇಳಿದ್ದರು. ಅಧಿಕಾರಿ ಒಪ್ಪಿದರು, ಆದರೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಬಿಸಿಲು ನೆತ್ತಿಗೇರಿದ ತಿಂಗಳಲ್ಲೂ ಹೂವಿದ್ದರೆ ತೋಟ, ಇಲ್ಲದಿದ್ದರೆ ಅಂಗಡಿ. ಆ ತಿಂಗಳು ಇದು, ಆ ದಿನ ಇವತ್ತು.

ಅಂಗಡಿಯಾದರೆ ಕತ್ತರಿಯಕ್ಕನ ಕೆಲಸವೇನೂ ಹೋಗುವುದಿಲ್ಲ. ಮತ್ತೆ ನೆಲ ಒರೆಸುವುದಕ್ಕೆ ಹೋಗಬೇಕಾಗುತ್ತದೆ, ಅಷ್ಟೇ. ಹನ್ನೊಂದು ವರ್ಷದ ಕೆಳಗೆ ಅವರು ಸೇರಿದ್ದೂ ಅದಕ್ಕೇ. ಹಳೆಯ ಮಾಲಿ ನಿವೃತ್ತನಾದಾಗ, ನೀರು ಹಾಕಲು ಯಾರಾದರೂ ಬೇಕಲ್ಲ ಎಂದು ಪೈಪು ಇವರ ಕೈಗೆ ಬಂತು. ಈಗ ಅದನ್ನು ಬಿಡು ಎಂದರೆ ಜೀವ ಒಪ್ಪುತ್ತಿಲ್ಲ.

ಯಾಕೆ ಎಂದು ತಿಳಿಯಬೇಕಾದರೆ ಅಂಗಳಕ್ಕೆ ತೆರೆಯುವ ಬಾಗಿಲನ್ನು ನೋಡಬೇಕು. ಅದು ಡ್ರೆಸ್ಸಿಂಗ್ ಕೋಣೆಯ ಬಾಗಿಲು. ಪೊರೆಯ ಆಪರೇಷನ್ ಆದವರಿಗೆ ಮಾರನೇ ದಿನ ಕಣ್ಣಿನ ಕಟ್ಟು ಬಿಚ್ಚುವುದು ಅಲ್ಲಿ. ದಿನಕ್ಕೆ ಇಪ್ಪತ್ತೈದು, ಮೂವತ್ತು ಜನ. ಕಟ್ಟು ಬಿಚ್ಚಿದ ಮೇಲೆ ಹಿರಿಯ ಸಿಸ್ಟರ್ ಅವರ ಕೈಹಿಡಿದು ಇಲ್ಲಿಗೆ ಕರೆತಂದು, "ಎಷ್ಟು ಹೂ ಕಾಣಿಸ್ತಿದೆ, ಹೇಳಿ ನೋಡೋಣ," ಎನ್ನುತ್ತಾರೆ. ಇದು ಯಾವ ಡಾಕ್ಟರೂ ಬರೆದುಕೊಟ್ಟ ಪರೀಕ್ಷೆಯಲ್ಲ. ಸಿಸ್ಟರ್ ತಾವೇ ಶುರು ಮಾಡಿಕೊಂಡದ್ದು.

"ಒಳಗಡೆ ಅಕ್ಷರದ ಬೋರ್ಡ್ ಇದೆ," ಎನ್ನುತ್ತಾರೆ ಸಿಸ್ಟರ್. "ಅದನ್ನ ಓದಿ ಯಾರೂ ನಕ್ಕಿದ್ದು ನಾನು ನೋಡಿಲ್ಲ. ಇಲ್ಲಿ ಬಂದು ನಗ್ತಾರೆ. ಕೆಲವರು ಅಳ್ತಾರೆ. ಅಳಬೇಡಿ, ಹನಿ ಹಾಕಿದೀವಿ ಅಂತ ಬೈತೀನಿ."

ಬಿಸಿಲಿಗೆ ಬಗ್ಗದ ಪುಟ್ಟ ಗುಂಡಿ ಗುಲಾಬಿ ಹಾಕಿ, ತಲೆನೋವೇ ಇರುವುದಿಲ್ಲ ಎಂದು ಅಧಿಕಾರಿ ಒಮ್ಮೆ ಸಲಹೆ ಕೊಟ್ಟಿದ್ದರಂತೆ. ಕತ್ತರಿಯಕ್ಕ ಸುತರಾಂ ಒಪ್ಪಲಿಲ್ಲ. "ಅಂಗೈ ಅಗಲ ಇರ್ಬೇಕು ಹೂವು. ಕಣ್ಣಲ್ಲಿ ನೀರು ತುಂಬ್ಕೊಂಡು, ಬೆಳಕು ಚುಚ್ಚೋವಾಗ, ಗುಂಡಿಯಷ್ಟು ಹೂವು ತೋರಿಸಿದ್ರೆ ಅವ್ರಿಗೆ ಏನು ಕಾಣುತ್ತೆ ಸಾರ್. ಆಪರೇಷನ್ ಕೆಟ್ಟೋಯ್ತು ಅಂದ್ಕೊಂಡು ಹೆದರ್ಕೋತಾರೆ. ವರ್ಷಕ್ಕೊಂದು ಸಲ ಬಿಡೋ ಹೂವೂ ಆಗಲ್ಲ. ಕಟ್ಟು ಬಿಚ್ಚೋದು ದಿನಾ ತಾನೇ."

ಹೂವು ದೊಡ್ಡದಿರಬೇಕು, ಬಿಟ್ಟು ಬಿಟ್ಟು ಮತ್ತೆ ಬಿಡಬೇಕು. ಜಾಗ ಮಾತ್ರ ಚಿಕ್ಕದು, ಮೇಲಾಗಿ ಕಾದ ಕಾವಲಿ. ಮೂರು ಕಡೆ ಸುಣ್ಣ ಬಳಿದ ಗೋಡೆಗಳು ಬಿಸಿಲನ್ನು ಗಿಡಗಳ ಮೈಮೇಲೆಯೇ ಎಸೆಯುತ್ತವೆ. ಅದು ಸಾಲದು ಎಂಬಂತೆ ಗೋಡೆಯ ಮೇಲೆ ಏಳು ಏಸಿ ಯಂತ್ರಗಳು ಬಿಸಿಗಾಳಿ ಉಗುಳುತ್ತವೆ. ಇಂಥ ಕಡೆ ಯಾವ ಗುಲಾಬಿ ಬದುಕೀತು ಎಂಬ ಪಾಠ ಯಾವ ಪುಸ್ತಕದಲ್ಲೂ ಸಿಕ್ಕುವುದಿಲ್ಲ. ಕತ್ತರಿಯಕ್ಕ ಅದನ್ನು ಹದಿನೆಂಟು ಗಿಡ ಕೊಂದು ಕಲಿತರು.

ಈ ಮಾತನ್ನು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಪೈಪು ಕೈಗೆ ಬಂದ ಮೊದಲ ವರ್ಷ, ಚಳಿಯ ದಿನಗಳಲ್ಲಿ ನಡೆದ ಹೂವಿನ ಪ್ರದರ್ಶನಕ್ಕೆ ಹೋಗಿ, ಕಡುಗೆಂಪು ಹೂಗಳನ್ನು ಕಂಡು ಮರುಳಾದರು. ತಟ್ಟೆಯಷ್ಟಗಲದ ಹೂಗಳು. ಇದ್ದ ಹದಿನೆಂಟನ್ನೂ ಹೊತ್ತು ತಂದು ಒತ್ತೊತ್ತಾಗಿ ನೆಟ್ಟರು. ಬೇಸಿಗೆ ಬಂತು, ಹೂವು ಕುಗ್ಗುತ್ತಾ ಕುಗ್ಗುತ್ತಾ ಬೆರಳ ತುದಿಯಷ್ಟಾಯಿತು. ಎಸಳಿನ ಅಂಚು ಕರಕಲಾಯಿತು. ಗಂಡ ದರ್ಜಿ. ಒಂದು ಹೂವನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನೂ ಮೂರು ಇಂಥವು ಕೊಡು, ಅಂಗಿಗೆ ಗುಂಡಿ ಮಾಡಿ ಹೊಲೀತೀನಿ," ಎಂದರಂತೆ.

"ನಗು ಬಂತು, ಆದ್ರೆ ಹೊಟ್ಟೆ ಉರೀತು," ಎಂದು ನೆನೆಯುತ್ತಾರೆ ಕತ್ತರಿಯಕ್ಕ. "ಚಳಿಯಲ್ಲಿ ಎಲ್ಲ ಗುಲಾಬಿನೂ ದೊಡ್ಡದೇ. ಕೆಲಸಕ್ಕೆ ಸೇರಿದ ಮೊದಲ ದಿನ ಎಲ್ರೂ ಬೇಗ ಬರಲ್ವಾ, ಹಾಗೆ. ಎರಡನೇ ತಿಂಗಳು ಹೆಂಗೆ ಬರ್ತಾರೆ ಅಂತ ನೋಡ್ಬೇಕಿತ್ತು. ನಾನು ನೋಡಲಿಲ್ಲ."

ಅಲ್ಲಿಂದಾಚೆ ಅವರು ಗುಲಾಬಿ ಆರಿಸುವ ರೀತಿಯೇ ಬದಲಾಯಿತು. ಉಳಿದವರೆಲ್ಲ ತಂಪು ಹೊತ್ತಿನಲ್ಲಿ ನರ್ಸರಿಗೆ ಹೋದರೆ ಇವರು ಹೋಗುವುದು ಸುಡುಬೇಸಿಗೆಯ ನಡುಮಧ್ಯಾಹ್ನ. ಆಗ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ನರ್ಸರಿಯವನು ತನ್ನ ಕುರ್ಚಿಯಲ್ಲೇ ತೂಕಡಿಸುತ್ತಿರುತ್ತಾನೆ. ಆ ಬಿಸಿಲಿನಲ್ಲಿ ತಲೆ ಎತ್ತಿ ನಿಂತ ದೊಡ್ಡ ಹೂವು ಕಂಡರೆ, ಆ ಗಿಡದ ಕೊಂಬೆಗೆ ಗಂಡನ ಅಂಗಡಿಯ ಕೆಂಪು ದಾರದ ಒಂದು ತುಂಡು ಕಟ್ಟಿ ಬಂದುಬಿಡುತ್ತಾರೆ. ಗಿಡ ಮಾತ್ರ ಕೊಳ್ಳುವುದಿಲ್ಲ. ನಲವತ್ತು ದಿನ ಬಿಟ್ಟು ಮತ್ತೆ ಹೋಗುತ್ತಾರೆ. ಅದೇ ಗಿಡ ಮತ್ತೆ ಅಷ್ಟೇ ದೊಡ್ಡ ಹೂ ಬಿಟ್ಟಿದ್ದರೆ ಎರಡನೇ ದಾರ. ಮೂರನೇ ದಾರ ಬಿದ್ದ ಗಿಡ ಮಾತ್ರ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತದೆ.

ಮೊದಮೊದಲು ನರ್ಸರಿಯವನು ಮೂಗು ಮುರಿದ. ಆಮೇಲೆ ಜಾಣನಾದ. ಈಗ ತನ್ನ ಖಾಸಾ ಗಿರಾಕಿಗಳ ಕಿವಿಯಲ್ಲಿ, "ಮೂರು ದಾರದ್ದು ಬೇಕಾ," ಎಂದು ಕೇಳುತ್ತಾನೆ. ಕತ್ತರಿಯಕ್ಕ ಆರಿಸಿಟ್ಟ ಎರಡು ಗಿಡ ಹೀಗೆಯೇ ಯಾರದೋ ಮನೆ ಸೇರಿದವು. ಇವರು ಜಗಳಕ್ಕೆ ಹೋಗಲಿಲ್ಲ. ಈಗ ದಾರವನ್ನು ಮಣ್ಣಿನ ಮಟ್ಟದಲ್ಲಿ, ಬುಡಕ್ಕೆ ಕಟ್ಟುತ್ತಾರೆ. ಬಗ್ಗಿ ನೋಡುವ ಅಭ್ಯಾಸ ಆ ಮನುಷ್ಯನಿಗೆ ಇಲ್ಲವಂತೆ.

ದಾರ ಕಟ್ಟುವ ಮೊದಲೂ ಒಂದಷ್ಟು ತಪಾಸಣೆ ಇದೆ. ಎಸಳು ಕಡಿಮೆಯಿದ್ದರೆ ಬೇಡ, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಮೂವತ್ತರ ಮೇಲಿರಬೇಕು, ಮುಟ್ಟಿದರೆ ದಪ್ಪಗಿರಬೇಕು. ಕಡುಗೆಂಪು ಹೂವು ಬಿಸಿಲು ಕುಡಿದು ಸುಟ್ಟುಹೋಗುತ್ತದೆ, ಹಳದಿ, ಕೆನೆ, ತಿಳಿಗುಲಾಬಿ ತಾಳಿಕೊಳ್ಳುತ್ತವೆ. ಎಲೆ ಹೊಳೆಯಬೇಕು. ಗಿಡ ಅಡ್ಡಡ್ಡ ಹರಡದೆ ನೆಟ್ಟಗೆ ಬೆಳೆಯಬೇಕು, ಯಾಕೆಂದರೆ ಒಂದೊಂದಕ್ಕೂ ಸಿಗುವುದು ಮೂರೇ ಅಡಿ ಜಾಗ. ಇಷ್ಟೆಲ್ಲ ದಾಟಿ ಬಂದವು ಆರು ವರ್ಷದಲ್ಲಿ ಹನ್ನೊಂದು. ಅವುಗಳ ನಿಜವಾದ ಹೆಸರು ಕತ್ತರಿಯಕ್ಕನಿಗೆ ಗೊತ್ತಿಲ್ಲ. ಮೂಲೆಯ ಹಳದಿ ಮೊಂಡ, ಬಾಗಿಲ ಬಳಿಯ ಕೆನೆಬಣ್ಣದ್ದು ಸೋಂಬೇರಿ, ನಡುವಿನ ತಿಳಿಗುಲಾಬಿ ಅತ್ತಿಗೆ. ಅತ್ತಿಗೆ ಯಾಕೆಂದರೆ, ತುಂಬಾ ಚೆಂದ, ಮುಟ್ಟಿದರೆ ಮುಳ್ಳು.

ನೀರಿನದು ಇನ್ನೊಂದು ಕಥೆ. ಬೋರ್‌ವೆಲ್ಲಿನ ಉಪ್ಪುನೀರಿಗೆ ಎಲೆಯ ಅಂಚು ಕಂದುತ್ತಿತ್ತು. ಒಂದು ದಿನ, ಏಸಿಯ ಪೈಪಿನಿಂದ ನೀರು ತೊಟ್ಟಿಕ್ಕುವ ಕಡೆ ಇದ್ದ ಮೊಂಡನೊಬ್ಬನೇ ಹಸಿರಾಗಿದ್ದದ್ದು ಕತ್ತರಿಯಕ್ಕನ ಕಣ್ಣಿಗೆ ಬಿತ್ತು. ಮಾರನೇ ದಿನವೇ ಏಳು ಪೈಪಿನ ಕೆಳಗೂ ಏಳು ಬಕೆಟ್ ಕೂತವು. ಸೆಕೆ ಹೆಚ್ಚಿದಷ್ಟೂ ಏಸಿ ಹೆಚ್ಚು ಓಡುತ್ತದೆ, ನೀರೂ ಹೆಚ್ಚು ಬೀಳುತ್ತದೆ. ಈಗ ದಿನಕ್ಕೆ ಹೆಚ್ಚುಕಡಿಮೆ ಅರವತ್ತು ಲೀಟರ್. "ಬೆಂಕಿ ಉಗುಳೋದೂ ಅದೇ, ನೀರು ಕೊಡೋದೂ ಅದೇ," ಎಂದು ಯಂತ್ರಗಳ ಕಡೆ ಬೆರಳು ತೋರಿಸುತ್ತಾರೆ.

ಸದಾ ಹೂವಿರಲಿ ಎಂದು ಅವರು ಗಿಡಗಳನ್ನು ಮೂರು ಪಾಳಿ ಮಾಡಿದ್ದಾರೆ. ಒಂದು ಪಾಳಿಯ ಒಣಹೂ ಕತ್ತರಿಸಿದ ಎರಡು ವಾರಕ್ಕೆ ಇನ್ನೊಂದು. ಈ ಸಲ ಮಾತ್ರ ನಿಯಮ ಮುರಿದರು. ಟ್ರಸ್ಟಿನವರು ಬರುವ ದಿನ ಗೊತ್ತಾದೊಡನೆ ಲೆಕ್ಕ ಹಿಡಿದು, ನಲವತ್ತು ದಿನದ ಹಿಂದೆ, ಏಳು ಗಿಡಗಳಿಗೆ ಒಟ್ಟಿಗೇ ಕತ್ತರಿ ಹಾಕಿದರು. "ನಡುವೆ ಒಂದು ವಾರ ಅಂಗಳ ಬೋಳು. ಸಿಸ್ಟರ್ ನನ್ನ ಜೊತೆ ಮಾತು ಬಿಟ್ಟಿದ್ರು. ನನಗೂ ರಾತ್ರಿ ನಿದ್ದೆ ಇಲ್ಲ."

ಹತ್ತು ಗಂಟೆ. ಬಿಸಿಲು ಗೋಡೆಗೆ ತಾಗಿದೆ. ಆಪರೇಷನ್ ಕೋಣೆಯ ಹಳೆಯ ಹಸಿರು ಬಟ್ಟೆಗಳನ್ನು ಗಂಡ ಜೋಡಿಸಿ ಹೊಲಿದುಕೊಟ್ಟ ನೆರಳುಪರದೆ ಗಿಡಗಳ ಮೇಲಿದೆ. ಕತ್ತರಿಯಕ್ಕ ಖಾಲಿ ಬಕೆಟ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಒಂದು ಹೂ ಮಾಯ. ಅತ್ತಿಗೆಯದೇ, ಇದ್ದುದರಲ್ಲೆಲ್ಲ ದೊಡ್ಡದು. ಬೆಂಚಿನ ಮೇಲೆ ಕುಳಿತ ಯಾರದೋ ಸೊಸೆ, ಕಟ್ಟು ಬಿಚ್ಚಿಸಿಕೊಂಡ ಅತ್ತೆಯ ಕೈಗೆ ಅದನ್ನು ಕೊಟ್ಟಿದ್ದಾಳೆ. ಮುದುಕಿ ಹೂವನ್ನು ಮೂಗಿನ ಹತ್ತಿರ, ಮತ್ತೆ ದೂರ, ಮತ್ತೆ ಹತ್ತಿರ ಹಿಡಿದು ನೋಡುತ್ತಿದ್ದಾಳೆ. ಕತ್ತರಿಯಕ್ಕನ ಮುಖ ಸಣ್ಣದಾಗುತ್ತದೆ. ಬೈಯಲು ಬಾಯಿ ತೆರೆದು, ಮುದುಕಿಯನ್ನು ನೋಡಿ ಮುಚ್ಚಿಕೊಳ್ಳುತ್ತಾರೆ.

"ಕಿತ್ತಿದ್ದು ಕಿತ್ತಾಯ್ತು," ಎಂದು ಸೊಸೆಗೆ ಹೇಳುತ್ತಾರೆ. "ಚಿವುಟಬಾರದು ಕಣಮ್ಮ. ನನ್ನ ಕೇಳಿದ್ರೆ ಐದೆಲೆ ಇರೋ ಗೆಣ್ಣಿನ ಮೇಲೆ ಕತ್ತರಿಸಿ ಕೊಡ್ತಿದ್ದೆ. ಅಲ್ಲಿಂದ ಮತ್ತೆ ಚಿಗುರು ಬರುತ್ತೆ." ಒಂಬತ್ತು ಈಗ ಎಂಟು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಪರದೆ ಸರಿಸುತ್ತಾರೆ. ಟ್ರಸ್ಟಿನ ಮೂವರು ಬರುತ್ತಾರೆ. ಮುಂದೆ, ಊರುಗೋಲು ಹಿಡಿದ ಎಂಬತ್ತರ ಹಿರಿಯ ಸದಸ್ಯೆ. ಹಿಂದೆ ಅಧಿಕಾರಿ, ಕೈಯಲ್ಲಿ ಅಳತೆ ಟೇಪು. ಹೂಗಳನ್ನು ಕಂಡು ಅಧಿಕಾರಿಯ ಹುಬ್ಬೇರುತ್ತದೆ, ಆದರೂ ಟೇಪು ಬಿಚ್ಚಿ ಗೋಡೆಗೆ ಹಿಡಿಯುತ್ತಾರೆ. "ಇವತ್ತು ಇದೆ ಅಮ್ಮಾವ್ರೇ, ನಾಳೆ ಇರುತ್ತೆ ಅಂತ ಏನು ಗ್ಯಾರಂಟಿ? ಅಂಗಡಿ ಆದ್ರೆ ಜನಕ್ಕೆ ಉಪಯೋಗ," ಎನ್ನುತ್ತಾರೆ. ಕತ್ತರಿಯಕ್ಕ ಮೂಲೆಯಲ್ಲಿ ನಿಂತಿದ್ದಾರೆ.

ಆಗ ಬಾಗಿಲು ತೆರೆಯುತ್ತದೆ. ಟ್ರಸ್ಟಿನವರಿಗಾಗಿ ಕಟ್ಟು ಬಿಚ್ಚುವುದು ನಿಲ್ಲುವುದಿಲ್ಲವಲ್ಲ. ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರನ್ನು ಸಿಸ್ಟರ್ ಕೈಹಿಡಿದು ಕರೆತಂದು ಎಂದಿನಂತೆ ಕೇಳುತ್ತಾರೆ, "ಎಷ್ಟು ಹೂ ಕಾಣಿಸ್ತಿದೆ ಯಜಮಾನ್ರೇ?"

ಅವರು ಬೆರಳು ಮಡಚಿ ಎಣಿಸುತ್ತಾರೆ. ರೆಪ್ಪೆ ಬಡಿಯುತ್ತಾರೆ. "ಎಂಟು," ಎನ್ನುತ್ತಾರೆ. ಆಮೇಲೆ, ನಿಧಾನವಾಗಿ, "ಆ ಮೂಲೆ ಹಳದಿ ಹೂವಿನ ಅಂಚಲ್ಲಿ ಕಪ್ಪಿರುವೆ ಹೋಗ್ತಿದೆ. ಅಲ್ಲ, ಎರಡಿದೆ."

ಅಧಿಕಾರಿ ಬಗ್ಗಿ ನೋಡುತ್ತಾರೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡುತ್ತಾರೆ. "ಎಲ್ಲಿ?" ಎಂದು ಕೇಳುತ್ತಾರೆ. ಸಿಸ್ಟರ್‌ಗೆ ನಗು ತಡೆಯಲಾಗುವುದಿಲ್ಲ.

"ಮುಂಚೆ ಏನು ಕಾಣ್ತಿತ್ತು ನಿಮಗೆ?" ಎಂದು ಹಿರಿಯ ಸದಸ್ಯೆ ಕೇಳುತ್ತಾರೆ.

"ನಾಲ್ಕು ವರ್ಷದಿಂದ ಎಲ್ಲ ಹೊಗೆ ಅಮ್ಮಾ. ಗೋಡೆ ಗಡಿಯಾರ ಕೂಡ ಸದ್ದು ಕೇಳಿ ರಿಪೇರಿ ಮಾಡ್ತಿದ್ದೆ," ಎನ್ನುತ್ತಾ ಅವರು ಮೊಂಡನ ಕಡೆ ಎರಡು ಹೆಜ್ಜೆ ಇಡುತ್ತಾರೆ. "ಹೂವಿನ ಒಳಗೆ ಇಷ್ಟೊಂದು ಎಸಳಿರುತ್ತೆ ಅನ್ನೋದೇ ಮರೆತುಹೋಗಿತ್ತು."

ಸದಸ್ಯೆ ಉಳಿದ ಇಬ್ಬರ ಮುಖ ನೋಡುತ್ತಾರೆ, ಇಬ್ಬರೂ ತಲೆಯಾಡಿಸುತ್ತಾರೆ. "ಟೇಪು ಸುತ್ತಿಡಿ," ಎಂದು ಅಧಿಕಾರಿಗೆ ಹೇಳುತ್ತಾರೆ. "ಕನ್ನಡಕದ ಅಂಗಡಿ ಮುಂದಿನ ಹಾಲ್‌ನಲ್ಲಿ ಆಗಲಿ. ಇದು ಇಲ್ಲೇ ಇರುತ್ತೆ." ಕತ್ತರಿಯಕ್ಕ ಅಲ್ಲೇ ಬಕೆಟ್ ಬೋರಲು ಹಾಕಿ ಕೂತುಬಿಡುತ್ತಾರೆ. ಸಿಸ್ಟರ್ ಬಂದು ಅವರ ಭುಜ ಹಿಡಿದು ಅಲುಗಿಸುತ್ತಾರೆ. ಇಬ್ಬರೂ ನಗುತ್ತಾರೆ, ಇಬ್ಬರ ಕಣ್ಣಲ್ಲೂ ನೀರು. ಇಷ್ಟು ದೊಡ್ಡ ಗೆಲುವನ್ನು ಇಪ್ಪತ್ತೆರಡು ಅಡಿಯ ಜಾಗದಲ್ಲಿ ಕಾಣುವುದು ಅಪರೂಪ.

ಮಧ್ಯಾಹ್ನ ಮೂರಕ್ಕೆ ಅಧಿಕಾರಿ ಮತ್ತೆ ಬರುತ್ತಾರೆ. ಸೋತವರ ಮುಖವಲ್ಲ, ನಿಜಕ್ಕೂ ಸಂತೋಷದ ಮುಖ. ಟ್ರಸ್ಟಿನವರು ಬಾಗಿಲ ಪಕ್ಕದಲ್ಲಿ ಕಲ್ಲೊಂದನ್ನು ನಿಲ್ಲಿಸಿ, ಅದರ ಮೇಲೆ ಕತ್ತರಿಯಕ್ಕನ ಹೆಸರು ಕೆತ್ತಿಸಲು ಹೇಳಿದ್ದಾರಂತೆ. ಸರಿಯಾದ ಹೆಸರು ಬರೆದುಕೊಳ್ಳಲು ಜೇಬಿನಿಂದ ಪೆನ್ನು ತೆಗೆಯುತ್ತಾರೆ.

ಕತ್ತರಿಯಕ್ಕ ಆ ಜಾಗವನ್ನೊಮ್ಮೆ, ಅಧಿಕಾರಿಯನ್ನೊಮ್ಮೆ ನೋಡುತ್ತಾರೆ. "ಕಲ್ಲು ಎಷ್ಟು ಅಗಲ ಸಾರ್?"

"ಮೂರಡಿ ಇರಬಹುದಮ್ಮ. ಚೆನ್ನಾಗಿ ಕಾಣಬೇಕಲ್ಲ."

"ಬೇಡ ಸಾರ್," ಎನ್ನುತ್ತಾರೆ ಕತ್ತರಿಯಕ್ಕ. "ಆ ಮೂರಡಿ ನನಗೆ ಬಿಟ್ಕೊಡಿ. ಹನ್ನೆರಡನೇ ಗಿಡ ಹಾಕ್ತೀನಿ."