ಯಂಕವ್ವ ತೊಳೆದ ಸೀಸೆಗಳು

ಬೆಳಗಿನ ಐದೂವರೆ. ರಾಯಾಪುರದ ರಸ್ತೆಗೆ ಹತ್ತಿಕೊಂಡಿರುವ ಪ್ರಯೋಗಾಲಯದ ಹಿಂಬದಿಯ ಕೋಣೆಯಲ್ಲಿ ಯಂಕವ್ವ ಸೆರಗು ಬಿಗಿದು ನಿಂತಿದ್ದಾರೆ. ಗೋಪನಕೊಪ್ಪದಿಂದ ನಡೆದೇ ಬಂದಿದ್ದಾರೆ. ಉಗಿಯ ಹಂಡೆಯಲ್ಲಿ ಬೇಯಿಸಿಟ್ಟ ಗಾಜಿನ ಸೀಸೆಗಳನ್ನು ಒಂದೊಂದಾಗಿ ಎತ್ತಿ, ಬುರುಷಿನಿಂದ ಉಜ್ಜಿ, ನಲ್ಲಿಯ ನೀರಿನಲ್ಲಿ ಹನ್ನೆರಡು ಸಲ, ಬಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ಮೂರು ಸಲ ತೊಳೆಯುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನಾನು ಏನಾದರೂ ಕೇಳಿದರೆ ತುಟಿಯಲ್ಲೇ ಎಣಿಕೆ ಮುಂದುವರಿಯುತ್ತದೆ. ಹನ್ನೆರಡು ಮುಗಿದ ಮೇಲೆಯೇ ಉತ್ತರ.

"ನಡುವ ಮಾತಾಡಿದ್ರ ಲೆಕ್ಕ ತಪ್ತೈತ್ರಿ. ತಪ್ಪಿದ್ರ ಮತ್ತ ಒಂದರಿಂದ ಶುರು."

ದಿನಕ್ಕೆ ಮುನ್ನೂರು ಸೀಸೆ, ಇನ್ನೂರು ಗಾಜಿನ ನಳಿಗೆ. ಒಂಬತ್ತು ವರ್ಷ. ಹಳೆಯ ಕಲೆ ಹೋಗದ ಗಾಜನ್ನು ಆಸಿಡ್ಡಿನಲ್ಲಿ ನೆನೆಸಬೇಕು. ಅದರಿಂದ ಅವರ ಬೆರಳ ಗೆರೆಗಳೇ ಸವೆದಿವೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಬರೀ ಮಸಿಯ ಮುದ್ದೆ ಮೂಡುತ್ತದೆ. ಅದನ್ನು ಕಂಡು ಅಂಗಡಿಯವರು ಸಂಶಯದಿಂದ ನೋಡುತ್ತಾರಂತೆ.

ಈ ಪ್ರಯೋಗಾಲಯದಲ್ಲಿ ನಡೆಯುವುದು ಸೊಳ್ಳೆ ಹರಡುವ ಚಿಕೂನ್‌ಗುನ್ಯ ಜ್ವರದ ಅಭ್ಯಾಸ. ಐದು ವರ್ಷದ ಹಿಂದೆ ಮದ್ರಾಸಿನ ಕಡೆ ಸಾವಿರಾರು ಮಂದಿಯ ಕೈಕಾಲು ಕೀಲುಗಳನ್ನು ಹಿಡಿದು ಮಲಗಿಸಿದ ಜ್ವರ ಅದು. ಅದರ ವೈರಾಣು ಕಣ್ಣಿಗೆ ಕಾಣುವುದಲ್ಲ. ಹಾಗಾಗಿ ಮೊಟ್ಟೆಯೊಳಗಿನ ಕೋಳಿಪಿಳ್ಳೆಯ ಜೀವಕೋಶಗಳನ್ನು ಸೀಸೆಯ ತಳದಲ್ಲಿ ತೆಳ್ಳಗೆ ಬೆಳೆಸಿ, ಅದರ ಮೇಲೆ ವೈರಾಣು ಬಿಡುತ್ತಾರೆ. ಆಮೇಲೆ ಕೆಂಪು ಬಣ್ಣ ಹಾಕಿದರೆ ಬದುಕಿದ ಕೋಶಗಳು ಬಣ್ಣ ಹೀರುತ್ತವೆ. ಸತ್ತ ಜಾಗ ಬೆಳ್ಳಗೆ ಉಳಿಯುತ್ತದೆ, ಬಟ್ಟೆಗೆ ನುಸಿ ಹಿಡಿದ ಹಾಗೆ. ಇಲ್ಲಿಯವರು ಅದನ್ನು ತೂತು ಎನ್ನುತ್ತಾರೆ. ಒಂದು ವೈರಾಣುವಿನ ಸಂತತಿಯಿಂದ ಒಂದು ತೂತು.

ಗಾಜಿಗೆ ಸಾಬೂನಿನ ಪಸೆ ಉಳಿದರೂ ಕೋಶಗಳು ಸೊರಗುತ್ತವೆ. ಆದ್ದರಿಂದ ಇಡೀ ಶಾಸ್ತ್ರ ನಿಂತಿರುವುದು ಯಂಕವ್ವನವರ ಹನ್ನೆರಡು ಮತ್ತು ಮೂರರ ಮೇಲೆ.

ಮೂರು ವರ್ಷದ ಹಿಂದೆ, ೧೯೬೬ರ ಬೇಸಿಗೆಯಲ್ಲಿ, ಸೀಸೆಗಳಲ್ಲಿ ದೊಡ್ಡ ತೂತುಗಳ ನಡುವೆ ಸಾಸಿವೆ ಕಾಳಿನಂಥ ಸಣ್ಣ ತೂತುಗಳು ಕಾಣತೊಡಗಿದವು. ಸೀಸೆಗಳನ್ನು ನೋಡಿ ತೂತು ಎಣಿಸುವ ಸಹಾಯಕ ಪಂಢರಿನಾಥ ಗಾಬರಿಯಾದರು. ಗಾಜು ಸರಿಯಾಗಿ ತೊಳೆದಿಲ್ಲವೆಂದು ದೊಡ್ಡ ಡಾಕ್ಟರಿಗೆ ವರದಿ ಕೊಟ್ಟರು. ಡಾಕ್ಟರು ಯಂಕವ್ವನವರನ್ನು ಕರೆಸಿದರು.

ಆ ದಿನ ತಾವು ಆಡಿದ ಮಾತನ್ನು ಯಂಕವ್ವ ಮರೆತಿಲ್ಲ. "ನಾ ಅಂದ್ನಿರಿ, ಸಾಹೇಬ್ರ, ಒಂದ ಸೀಸೆದಾಗ ದೊಡ್ಡ ತೂತೂ ಅದಾವು, ಸಣ್ಣ ತೂತೂ ಅದಾವು. ಸಾಬೂನು ಉಳದಿದ್ರ ಎಲ್ಲಾನೂ ಸಣ್ಣಾಗಬೇಕಿತ್ತಲ್ರಿ? ಹೊಲಸು ಗಾಜು ಆರಿಸಿ ಆರಿಸಿ ಒಂದನ್ನ ಬಿಟ್ಟು ಒಂದನ್ನ ಹಿಡೀತೈತೇನ್ರಿ?"

"ಅದಕ್ಕೆ ಡಾಕ್ಟರು ಏನಂದರು?"

"ತೊಳಿಯಾಕಿ ತೊಳೀಬೇಕು, ಶಾಸ್ತ್ರ ನಮಗ ಬಿಡು ಅಂದ್ರು. ನಾಳಿಂದ ಬರಬ್ಯಾಡ ಅಂತನೂ ಅಂದ್ರು."

ಅವರ ಹೆಸರಿನ ಮುಂದೆ ಕಚೇರಿಯ ದಫ್ತರದಲ್ಲಿ ಒಂದು ಸಾಲು ಬಿತ್ತು: 'ತೊಳೆಯುವಲ್ಲಿ ನಿರ್ಲಕ್ಷ್ಯ, ಪ್ರಯೋಗ ಕೆಟ್ಟಿತು.'

ಮುಂದಿನ ಏಳು ತಿಂಗಳು ಯಂಕವ್ವ ತವರೂರಾದ ಸುಳ್ಳದಲ್ಲಿ ಹೊಲದ ಕಸ ಕೀಳುವ ಕೂಲಿಗೆ ಹೋದರು. ಗಂಡ ತೀರಿಹೋಗಿ ಆಗಲೇ ನಾಲ್ಕು ವರ್ಷ. ಮಗಳು ಸಾವಕ್ಕ ಆ ವರ್ಷ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಕೂರಬೇಕಿತ್ತು. ವರ್ಗದಲ್ಲಿ ಮುಂದಿದ್ದ ಹುಡುಗಿ. ಶಾಲೆ ಬಿಡಿಸಿ ತಮ್ಮ ಜೊತೆ ಹೊಲಕ್ಕೆ ಕರೆದೊಯ್ದರು, ಯುಗಾದಿಗೆ ಮೊದಲೇ ಮದುವೆ ಮಾಡಿದರು. "ಇಬ್ಬರೂ ಹೊಲಕ್ಕ ಹೋದ್ರನ ರೊಟ್ಟಿ. ನಾನ ಕಳಿಸಿಕೊಟ್ನಿರಿ ಆಕಿನ್ನ," ಎನ್ನುವಾಗ ಯಂಕವ್ವ ಸೀಸೆಯನ್ನು ಬೆಳಕಿಗೆ ಹಿಡಿದು, ಇಲ್ಲದ ಕಲೆಯನ್ನು ಮತ್ತೆ ಮತ್ತೆ ಉಜ್ಜುತ್ತಾರೆ.

ಇತ್ತ ಪ್ರಯೋಗಾಲಯದಲ್ಲಿ ಅವರ ಜಾಗಕ್ಕೆ ರಸೂಲಬಿ ಎಂಬ ಹೆಣ್ಣುಮಗಳನ್ನು ತಂದಿದ್ದರು. ಆಕೆ ಹದಿನೈದರ ಬದಲು ಇಪ್ಪತ್ತು ಸಲ ತೊಳೆದರೂ ಸಣ್ಣ ತೂತು ಬರುವುದು ನಿಲ್ಲಲಿಲ್ಲ. ಆಗ ಪಂಢರಿನಾಥ ಒಂದು ಸಣ್ಣ ತೂತಿನ ನಡುವಿನಿಂದ ಚೂರು ವೈರಾಣು ಎತ್ತಿ ಹೊಸ ಸೀಸೆಗೆ ಬಿಟ್ಟರು. ಅಲ್ಲಿ ಎದ್ದವೆಲ್ಲ ಸಣ್ಣವೇ. ದೊಡ್ಡದರಿಂದ ಎತ್ತಿದರೆ ಎಲ್ಲ ದೊಡ್ಡವೇ. ಒಂದೇ ದಿನ, ಒಂದೇ ಕೈ ತೊಳೆದ ಗಾಜು. ಹತ್ತು ತಲೆಮಾರು ಬೆಳೆಸಿದರೂ ಗುಣ ಕೆಡಲಿಲ್ಲ. ಬದಲಾದದ್ದು ವೈರಾಣುವಿನ ವಂಶವೇ ಹೊರತು ಗಾಜಲ್ಲ. ಸಣ್ಣ ತೂತಿನ ತಳಿ ಪರೀಕ್ಷೆಗೆಂದು ಚುಚ್ಚಿದ ಇಲಿಮರಿಗಳನ್ನೂ ಅಷ್ಟಾಗಿ ಕೊಲ್ಲಲಿಲ್ಲ. ಇಂಥ ಮೆತ್ತನೆಯ ತಳಿಯಿಂದ ಮುಂದೊಂದು ದಿನ ಲಸಿಕೆ ಮಾಡಬಹುದೆಂದು ಡಾಕ್ಟರು ಹಿಗ್ಗಿದರು.

ಕೆಲಸಕ್ಕೆ ಜನ ಸಾಲದಾಯಿತು. ಯಂಕವ್ವನವರಿಗೆ ಹೇಳಿಕಳಿಸಿದರು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ವಾರ ಕಳೆದ ಮೇಲೆ ಪಂಢರಿನಾಥರೇ ಎರಡು ಸೀಸೆ ತಂದು ತೋರಿಸಿ ಸಂಗತಿ ಹೇಳಿದರಂತೆ. "ಬಿಳಿಜ್ವಾಳ ಬಿತ್ತಿದ್ರ ಬಿಳಿಜ್ವಾಳ, ಕೆಂಪು ಬಿತ್ತಿದ್ರ ಕೆಂಪು. ಇಷ್ಟ ಹೌದಿಲ್ರಿ?" ಎಂದು ಯಂಕವ್ವ ಕೇಳಿದರು. ಹೌದು ಎಂದು ಅವರು ತಲೆ ತಗ್ಗಿಸಿದರು.

ಪಂಢರಿನಾಥರನ್ನು ನಿನ್ನೆ ಅವರ ಮೇಜಿನ ಬಳಿ ಕಂಡಿದ್ದೆ. "ಆಕಿ ಮೊದಲನೇ ದಿನಾನ ಖರೇ ಹೇಳಿದ್ಲು," ಎಂದರು. "ನಾ ಬಾಗಲದಾಗ ನಿಂತು ಕೇಳಿದ್ನಿರಿ. ಡಾಕ್ಟರ ಮುಂದ ಆ ಮಾತು ನಾನೂ ಆಡಬೇಕಿತ್ತು. ಆಡಲಿಲ್ಲ. ವರದಿ ನಂದ ಇತ್ತಲ್ರಿ."

ಕಳೆದ ವರ್ಷ ಪ್ರಬಂಧ ಅಚ್ಚಾಯಿತು. ಮೇಲೆ ಡಾಕ್ಟರ ಹೆಸರು. ಕೊನೆಯ ಕೃತಜ್ಞತೆಯಲ್ಲಿ ಪಂಢರಿನಾಥರಿಗೆ, ಫೋಟೋ ತೆಗೆದವರಿಗೆ, ಮೊಟ್ಟೆ ಕೊಟ್ಟ ಕೋಳಿ ಸಾಕಣೆಯವರಿಗೆ ವಂದನೆ. ಡಾಕ್ಟರು ಬಡ್ತಿ ಪಡೆದು ದಿಲ್ಲಿಗೆ ಹೋದರು. ಹೋಗುವ ದಿನ ಎಲ್ಲರಿಗೂ ಪೇಢೆ ಹಂಚಿದರು. ಯಂಕವ್ವನವರಿಗೂ ಎರಡು ಸಿಕ್ಕವು.

ಈ ವರ್ಷದ ಆರಂಭದಲ್ಲಿ ದಿನಗೂಲಿಯ ನಾಲ್ವರನ್ನು ಕಾಯಂ ಮಾಡಿದರು. ರಸೂಲಬಿಯೂ ಅವರಲ್ಲೊಬ್ಬಳು. ಯಂಕವ್ವನವರ ಅರ್ಜಿ ವಾಪಸು ಬಂತು. ಯಾಕೆಂದು ಕೇಳಿದರೆ ಕಾರಕೂನ ದಫ್ತರ ತೆರೆದು ಆ ಒಂದು ಸಾಲನ್ನು ಓದಿ ಹೇಳಿದ. ಹೊಸ ಅಧಿಕಾರಿಯ ಬಳಿ ಹೋದರು. "ಆ ಸಾಲು ಬರದವರ ಅದನ್ನ ಹೊಡದು ಹಾಕಬೇಕಮ್ಮಾ. ಅವರು ಇಲ್ಲಿಲ್ಲ," ಎಂದರು ಅವರು. ಡಾಕ್ಟರಿಗೆ ಪಂಢರಿನಾಥರಿಂದಲೇ ಎರಡು ಕಾಗದ ಬರೆಸಿದ್ದಾಯಿತು. ಉತ್ತರವಿಲ್ಲ.

ಈ ಮಾತು ಬಂದರೆ ರಸೂಲಬಿ ಮುಖ ತಿರುಗಿಸುತ್ತಾಳೆ. "ಮೊದಲಿಂದ ಆಕಿ ಮಾಡ್ಕೋತ ಬಂದ ಕೆಲಸ್ರಿ ಇದು. ಆಕಿ ಮುಂದ ಹಾಜರಿ ಹಾಕಾಕ ನಾಚಿಕಿ ಆಗ್ತೈತಿ," ಎನ್ನುತ್ತಾಳೆ.

ಹೊತ್ತು ಏರಿದೆ. ತೊಳೆದ ಸೀಸೆಗಳು ಬೋರಲಾಗಿ ಒಣಗುತ್ತಿವೆ. ಎಣಿಸುವವರು ಇನ್ನೂ ಬಂದಿಲ್ಲ. ಡಾಕ್ಟರ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ.

"ಯಾಕಿಲ್ರಿ? ಐತಿ. ಮಗಳ ಮಾರಿ ನೋಡಿದಾಗೆಲ್ಲಾ ಐತಿ. ಆದ್ರ ಸಿಟ್ಟು ಸೀಸೆದಾಗ ಹಾಕಾಕ ಬರೂದಿಲ್ಲ. ಕೈ ತಪ್ಪಿದ್ರ ಅವರು ಬರದದ್ದ ಖರೇ ಆಗ್ತೈತಿ."

ಹಾಗಾದರೆ ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಎಂದೆ. ಅವರು ಕೈ ಒರೆಸಿಕೊಂಡರು.

"ನಂದೇನ್ ಬರೀತೀರಿ? ನನ್ನ ಹೆಸರೂ ಬ್ಯಾಡ್ರಿ ಬೇಕಾದ್ರ. ಆ ಬ್ಯಾಸಗಿ ಗಾಜು ಸ್ವಚ್ಛ ಇತ್ತು ಅಂತ, ಅಷ್ಟ ಬರೀರಿ."