ಬಾಡಿಗೆ ಮನೆಗಳ ಲೈಕು

ಜಿಗಣಿಯ ಒಂದು ಕಾರ್ಖಾನೆಯಲ್ಲಿ ಅನುಮಾನಪಡುವುದಕ್ಕೆಂದೇ ನನಗೆ ಸಂಬಳ ಕೊಡುತ್ತಾರೆ. ಹುದ್ದೆಯ ಹೆಸರು ಕ್ವಾಲಿಟಿ ಇನ್ಸ್‌ಪೆಕ್ಟರ್. ಲೈನಿನಿಂದ ಬರುವ ಪ್ರತಿಯೊಂದು ಬೇರಿಂಗನ್ನೂ ಇದರಲ್ಲಿ ಎಲ್ಲೋ ಬಿರುಕಿದೆ ಎಂದುಕೊಂಡೇ ಕೈಗೆತ್ತಿಕೊಳ್ಳಬೇಕು. ಈ ಗುಣ ಕಾರ್ಖಾನೆ ಸೇರಿದ ಮೇಲೆ ಬಂದದ್ದಲ್ಲ, ಅಮ್ಮನಿಂದ ಬಂದದ್ದು. ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗೆ ಅಂಟಿಕೊಂಡ ನಮ್ಮೂರಿನಲ್ಲಿ, ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಬಾಡಿಗೆ ಮನೆಗಳಿವೆ. ಮನೆ ಕೇಳಿಕೊಂಡು ಬಂದವರನ್ನು ಅಮ್ಮ ಗೇಟಿನಲ್ಲೇ ನಿಲ್ಲಿಸಿಕೊಂಡು ನಡೆಸುವ ವಿಚಾರಣೆಯನ್ನು ಪೊಲೀಸರೂ ನಡೆಸಲಾರರು.

ಇಂಥ ಮನೆಯಲ್ಲಿ ಬೆಳೆದವನು ರ‍್ಯಾಪ್ ಆಲ್ಬಂ ಮಾಡಲು ಹೊರಟೆ. ಟೆರೇಸಿನ ಖಾಲಿ ರೂಮಿನ ಗೋಡೆಗೆ ಸದ್ದು ಮಾರ್ದನಿಸದಂತೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿ ಸ್ಟುಡಿಯೋ ಮಾಡಿಕೊಂಡೆ. ಹಾಡುಗಳಲ್ಲಿ ಬುಲೆಟ್ಟಿತ್ತು, ನಮ್ಮ ಏರಿಯಾ ಇತ್ತು, ನನ್ನನ್ನು ಕಂಡು ಉರಿದುಕೊಳ್ಳುವ ವೈರಿಗಳಿದ್ದರು. ನಿಜ ಹೇಳಬೇಕೆಂದರೆ ನನಗೆ ವೈರಿಗಳು ಯಾರೂ ಇರಲಿಲ್ಲ. ರ‍್ಯಾಪ್ ಎಂದಮೇಲೆ ಇರಬೇಕಲ್ಲ ಎಂದು ಒಂದಿಬ್ಬರನ್ನು ಸೃಷ್ಟಿಸಿಕೊಂಡಿದ್ದೆ. ಬಿಡುಗಡೆಯ ದಿನ ಚಿಕ್ಕಪ್ಪ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ನನ್ನ ಮುಖಕ್ಕಿಂತ ಶುಭ ಕೋರುವವರ ಮುಖಗಳೇ ದೊಡ್ಡದಾಗಿದ್ದವು.

ಈಗ ಆಲ್ಬಂ ಮಾರಾಟವೆಂದರೆ ಅಂಗಡಿಯಲ್ಲಿ ಕ್ಯಾಸೆಟ್ ಖಾಲಿಯಾಗುವುದಲ್ಲ, ಫೋನಿನಲ್ಲಿ ಎಷ್ಟು ಜನ ಕೇಳಿದರು ಎಂಬುದು. ಅವತ್ತು ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಕೂತು ಫೋನ್ ತೆರೆದರೆ ಲೈಕುಗಳು ದಬದಬನೆ ಬೀಳುತ್ತಿದ್ದವು. ಹೆಬ್ಬಗೋಡಿ ದಾಟುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ಮಾರನೇ ದಿನ ಒಂದು ಲೈಕೂ ಇಲ್ಲ. ಆ ವಾರವೂ ಇಲ್ಲ. ನಲ್ಲಿ ತಿರುಗಿಸಿ ಬಂದ್ ಮಾಡಿದಂತೆ ಎಲ್ಲ ನಿಂತುಹೋಯಿತು.

ಮೊದಲ ಅನುಮಾನ ಹಾಡಿಗೆ ಬೀಟು ಕೂಡಿಸಿ ಮಿಕ್ಸಿಂಗ್ ಮಾಡಿಕೊಟ್ಟ ಗೆಳೆಯನ ಮೇಲೆ ಬಂತು. ಒಳ್ಳೆಯ ಬೀಟುಗಳನ್ನು ಬೇರೆಯವರಿಗೆ ಎತ್ತಿಟ್ಟು ನನಗೆ ಉಳಿದದ್ದನ್ನು ಬಳಿದು ಕೊಟ್ಟನೇ? ಆಮೇಲೆ ಹಾಡು ಹಾಕಿದ ಆಪಿನ ಮೇಲೆ ಬಂತು. ಕೊನೆಗೆ ಅನುಮಾನ ಹೋಗಿ ನಿಂತದ್ದು ಪೀಣ್ಯದ ಇಬ್ಬರು ಹುಡುಗರ ಮೇಲೆ. ಲೇತ್ ಮಿಷನ್ ಕೆಲಸದವರು. ನನ್ನ ಆಲ್ಬಂ ಬಂದ ವಾರವೇ ಅವರದ್ದೂ ಬಂದಿತ್ತು. ಫ್ಲೆಕ್ಸ್ ಇಲ್ಲ, ಫೋಟೋಶೂಟ್ ಇಲ್ಲ, ಆದರೂ ನಮ್ಮ ಕಂಪನಿ ಬಸ್ಸಿನಲ್ಲೇ ಅವರ ಹಾಡು ಕೇಳಿಸುತ್ತಿತ್ತು.

"ಕಂಟೆಂಟು ಗುರು, ಕಂಟೆಂಟ್ ಇದ್ರೆ ಓಡತ್ತೆ," ಅಂದ ಪಕ್ಕದ ಸೀಟಿನವನು.

"ಲಕ್ ಕಣೋ ಮಗಾ," ಅಂದ ಹಿಂದಿನವನು.

ಎರಡನ್ನೂ ನಾನು ನಂಬಲಿಲ್ಲ. ಹಿಟ್ ಆದವನು ಕಷ್ಟಪಟ್ಟೆ ಅನ್ನುತ್ತಾನೆ, ಫ್ಲಾಪ್ ಆದವನು ಮೋಸವಾಯಿತು ಅನ್ನುತ್ತಾನೆ. ನಾನು ಎರಡನೇ ಗುಂಪಿನವನು. ಪೀಣ್ಯದವರು ದುಡ್ಡು ಕೊಟ್ಟು ಲೈಕು ತರಿಸಿಕೊಂಡಿದ್ದಾರೆ, ಅದನ್ನು ಕಣ್ಣಾರೆ ಕಂಡು ಬರುತ್ತೇನೆ ಎಂದು ರಜೆ ಹಾಕಿ ಮೆಟ್ರೋ ಹತ್ತಿದೆ. ಲೈಕು ಕೊಳ್ಳುವುದನ್ನು ಕಣ್ಣಾರೆ ಹೇಗೆ ಕಾಣುವುದು ಎಂದು ಯೋಚಿಸಲಿಲ್ಲ, ಅಷ್ಟು ಸಿಟ್ಟಿತ್ತು.

ಪೀಣ್ಯದಲ್ಲಿ ಒಂದು ಟೀ ಅಂಗಡಿಯ ಮುಂದೆ ನಿಂತೆ. ಎದುರಿನ ಶೆಡ್ಡಿನಲ್ಲಿ ಊಟದ ಹೊತ್ತು. ಒಬ್ಬ ಕೆಲಸಗಾರ ಫೋನನ್ನು ಸ್ಟೀಲ್ ಲೋಟದೊಳಗೆ ಇಳಿಸಿಟ್ಟು ಬಸ್ಸಿನಲ್ಲಿ ಕೇಳಿದ್ದ ಅದೇ ಹಾಡು ಹಾಕಿದ. ಫೋರ್‌ಮನ್ನನ ನಾಲಿಗೆಯ ಬಗ್ಗೆ, ಮಿಷನ್ ಎಣ್ಣೆ ಹಿಡಿದ ಕೈಯಲ್ಲಿ ಊಟದ ಬಾಕ್ಸ್ ಬಿಚ್ಚುವ ಬಗ್ಗೆ ಇದ್ದ ಹಾಡು. ಉಣ್ಣುತ್ತಿದ್ದವರು ಹಾಡಿಗಿಂತ ಮೊದಲೇ ಮುಂದಿನ ಸಾಲು ಹೇಳಿ ನಗುತ್ತಿದ್ದರು. ಮುಗಿದಾಗ ಒಬ್ಬ, "ಇನ್ನೊಂದ್ ಸಲ ಹಾಕೋ," ಅಂದ. ಯಾರಾದರೂ ಇವರಿಗೆ ಹೇಳಿಕೊಟ್ಟು ಕೂರಿಸಿದ್ದಾರೆಯೇ ಎಂದು ನಾನು ಅತ್ತಿತ್ತ ನೋಡಿದೆ. ಟೀ ಅಂಗಡಿಯವನು ನನ್ನನ್ನೇ ಅನುಮಾನದಿಂದ ನೋಡಿ, "ಯಾರ್ ಬೇಕಿತ್ತು ಸಾರ್?" ಅಂದ. ಅವರ ಹಾಡಿನಲ್ಲಿ ಬಿರುಕು ಸಿಕ್ಕಲಿಲ್ಲ. ಹೊಟ್ಟೆ ಉರಿಯಿತು.

ವಾಪಸ್ ಬರುವಾಗ ಪ್ರಶ್ನೆ ತಿರುಗಿ ನನ್ನ ಕಡೆಗೇ ಬಂತು. ಸರಿ, ಇವರದ್ದು ಅಸಲಿ. ಹಾಗಾದರೆ ಆ ಮೊದಲ ದಿನ ನನಗೆ ಲೈಕ್ ಕೊಟ್ಟವರು ಯಾರು? ಹಾಡು ಅಷ್ಟು ಇಷ್ಟವಾದವರು ಎರಡನೇ ಸಲ ಯಾಕೆ ಕೇಳಲಿಲ್ಲ?

ಉತ್ತರ ನಮ್ಮ ಟೆರೇಸಿನಲ್ಲೇ ಬಟ್ಟೆ ಒಣಹಾಕುತ್ತಿತ್ತು. ಎರಡನೇ ಮಹಡಿಯಲ್ಲಿ ರಾಯಚೂರು ಕಡೆಯ ಹೆಣ್ಣುಮಗಳೊಬ್ಬಳಿದ್ದಳು, ಗಾರ್ಮೆಂಟ್ಸ್ ಕೆಲಸದವಳು. ನನ್ನ ಹಾಡು ಕೇಳಿದ್ದೀರಾ ಎಂದು ಅವಳನ್ನು ಕೇಳಿದೆ. ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು ಹಗ್ಗಕ್ಕೆ ಸಿಕ್ಕಿಸಿದಳು.

"ಸಿಟ್ಟಾಗಬ್ಯಾಡ್ರಿ ಅಣ್ಣಾರ. ಅವತ್ತ ಮುಂಜಾನೆ ನಿಮ್ಮ ಅಮ್ಮಾರು ಮೋಟರ್ ಸ್ವಿಚ್ ಹತ್ರ ನಿಂತಿದ್ರು. ಎಲ್ಲಾರೂ ಲೈಕ್ ಒತ್ತಿ ಫೋನ್ ತೋರಿಸಿದ ಮ್ಯಾಲೇ ನೀರು ಬಿಟ್ರು."

"ಒತ್ತಿದ ಮೇಲೆ ಹಾಡು ಕೇಳಿದ್ರಾ?"

"ಕೇಳಬೇಕಂತ ಅಮ್ಮಾರು ಹೇಳಿದ್ದಿಲ್ಲಲ್ರೀ," ಅಂದಳು.

ಕೆಳಗಿಳಿದು ಅಮ್ಮನ ಮೇಲೆ ಹಾರಾಡಿದೆ. ಅವಳಿಗೆ ನನ್ನ ಕೋಪವೇ ಅರ್ಥವಾಗಲಿಲ್ಲ.

"ನಿಮ್ಮಪ್ಪ ಪಂಚಾಯ್ತಿಗೆ ನಿಂತಾಗ ಮನೆಮನೆಗೂ ಓಗಿ ಓಟ್ ಆಕುಸ್ಲಿಲ್ವಾ? ಆಗ ನೀನೂ ಕೈ ಮುಗ್ಕೊಂಡ್ ನನ್ ಇಂದೆ ಬಂದಿದ್ದೆ. ಈಗೇನ್ ಬಂತು ನಿಂಗೆ?"

"ಅಮ್ಮಾ, ಇದು ಎಲೆಕ್ಷನ್ ಅಲ್ಲ."

"ಮತ್ತೆ ಎಣಿಸ್ತಾ ಕೂತಿದ್ಯಲ್ಲಾ?"

ಎದ್ದು ಮಿಕ್ಸಿಂಗ್ ಗೆಳೆಯನ ಹತ್ತಿರ ಹೋದೆ. ಲೈಕ್ ಒತ್ತಿ ಹಾಡನ್ನು ಕೇಳದೆ ಬಿಟ್ಟುಹೋಗುವ ಜನರನ್ನು ಆಪು ಗಮನಿಸುತ್ತದೆ, ಅಂಥ ಹಾಡನ್ನು ಬೇರೆಯವರಿಗೆ ತೋರಿಸುವುದೇ ಇಲ್ಲ ಎಂದು ಅವನು ಹೇಳಿದ. ಇರಬಹುದು. ನನ್ನನ್ನು ಹಿಂಡಿದ್ದು ಬೇರೆ ಸಂಗತಿ. ನನ್ನ ಹಾಡು ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಬಾಡಿಗೆಯವರು ಹೇಳಲಾರರು, ಅವರಿಗೆ ನೀರು ಬೇಕು. ನೆಂಟರು ಹೇಳಲಾರರು, ಅವರ ಮುಖ ಫ್ಲೆಕ್ಸಿನಲ್ಲಿದೆ. ಕಾರ್ಖಾನೆಯಲ್ಲಿ ನನ್ನ ಕೈಕೆಳಗಿನವರು ಹೇಳಲಾರರು. ಅಮ್ಮನಂತೂ ಲೋಕವನ್ನೆಲ್ಲ ಅನುಮಾನಿಸಿದರೂ ನನ್ನನ್ನು ಮಾತ್ರ ಅನುಮಾನಿಸಿದವಳಲ್ಲ. ನಾನು ಸುಟ್ಟು ಕರಕಲು ಮಾಡಿದ ಉಪ್ಪಿಟ್ಟನ್ನೂ ಚೆನ್ನಾಗಿದೆ ಎಂದು ತಿಂದವಳು. ಓನರ್ ಮಗನಾಗಿ ಹುಟ್ಟಿದವನಿಗೆ ನಿಜ ಕೇಳುವ ಭಾಗ್ಯವಿಲ್ಲವೇ ಎಂದು ನನಗೆ ಭಯವಾಯಿತು. ಅದನ್ನು ತಿಳಿಯದೆ ಇನ್ನೊಂದು ಹಾಡು ಬರೆಯಲು ಕೈ ಏಳಲಿಲ್ಲ.

ಹಾಗಾಗಿ ಒಂದು ಕಳ್ಳ ಕೆಲಸಕ್ಕೆ ಕೈ ಹಾಕಿದೆ. ಬುಲೆಟ್ಟು, ವೈರಿಗಳನ್ನೆಲ್ಲ ಬಿಟ್ಟು, ಚಿಕ್ಕಂದಿನಿಂದ ಗೇಟಿನ ಹತ್ತಿರ ಕೇಳಿಸಿಕೊಂಡ ಪ್ರಶ್ನೆಗಳನ್ನು ಹಾಡು ಮಾಡಿದೆ. ಮದುವೆ ಆಗಿದೆಯಾ, ಆಗಿದ್ದರೆ ಹೆಂಡತಿ ಎಲ್ಲಿ, ಎಷ್ಟು ಜನ ಇರ್ತೀರಾ, ಆ ಹಿಂದೆ ನಿಂತಿರೋನು ಯಾರು, ತಮ್ಮ ಅಂತೀರಾ, ಮುಖ ಒಂದೇ ತರಹ ಇಲ್ವಲ್ಲ. ಧ್ವನಿಯನ್ನು ಕಂಪ್ಯೂಟರಿನಲ್ಲಿ ತಗ್ಗಿಸಿ, ಮೂಗಿನಲ್ಲಿ ಮಾತಾಡುವ ಮುದಿ ಓನರನ ಧ್ವನಿ ಮಾಡಿದೆ. ಹೆಸರಿಲ್ಲದೆ, ಫೋಟೋ ಇಲ್ಲದೆ ಆಪಿಗೆ ಹಾಕಿದೆ. ಮಿಕ್ಸಿಂಗ್ ಗೆಳೆಯನಿಗೂ ಹೇಳಲಿಲ್ಲ, ಅವನ ಮೇಲಿನ ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಯಾರೋ ಕೇಳಿದರು. ಕುಂದಲಹಳ್ಳಿಯ ಪಿಜಿ ಹುಡುಗರು ಅದಕ್ಕೆ ರೀಲ್ಸ್ ಮಾಡಿದರು. ಒಂದು ಸಂಜೆ ಕೆಲಸ ಮುಗಿಸಿ ಬಂದರೆ ನಮ್ಮ ಮೆಟ್ಟಿಲ ಮೇಲೇ ಅದು ಕೇಳಿಸುತ್ತಿತ್ತು. ತಕ್ಷಣ ಅನುಮಾನ ಎದ್ದಿತು, ಅಮ್ಮನಿಗೆ ಹೇಗೋ ಗೊತ್ತಾಗಿ ಮತ್ತೆ ಎಲ್ಲರ ಕುತ್ತಿಗೆ ಮೇಲೆ ಕೂತಿದ್ದಾಳಾ? ಆದರೆ ಅಮ್ಮ ಮೇಲೆ ಬರುವ ಸದ್ದಾದರೆ ಬಾಡಿಗೆಯವರು ಬೇಗನೆ ಸೌಂಡ್ ಕಡಿಮೆ ಮಾಡುತ್ತಿದ್ದರು. ಅವಳು ಇಳಿದ ಮೇಲೆ ಮತ್ತೆ ಏರಿಸಿ ಬಿದ್ದು ಬಿದ್ದು ನಗುತ್ತಿದ್ದರು. ಅದನ್ನು ನೋಡಿ ಒಂದಿಷ್ಟು ನಂಬಿದೆ.

ಪೂರ್ತಿ ನಂಬಿದ್ದು ಒಂದು ಭಾನುವಾರ ಮಧ್ಯಾಹ್ನ. ಅಮ್ಮ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಪಕ್ಕದಲ್ಲಿ ಫೋನು, ಅದರಲ್ಲಿ ನನ್ನ ಮುದಿ ಓನರು. ಬೀದಿಯಲ್ಲೆಲ್ಲಾ ಕೇಳಿಸುತ್ತೆ ಅಂತ ತಾನೇ ಹುಡುಕಿಸಿ ಹಾಕಿಸಿಕೊಂಡಿದ್ದಳಂತೆ.

"ಯಾರೋ ಬುದ್ವಂತ ಕಣೋ. ಬಾಡಿಗೆಗ್ ಕೊಡೋರ ಕಷ್ಟ ಗೊತ್ತಿರೋನು, ಸರ್ಯಾಗ್ ಯೋಳವ್ನೆ," ಅಂದಳು.

ಬಾಡಿಗೆಯವರು ಓನರನ್ನು ನೋಡಿ ನಗಲು ಕೇಳುವ ಹಾಡನ್ನು ಇವಳು ಓನರುಗಳ ಪರ ಎಂದು ಕೇಳುತ್ತಿದ್ದಳು. ಹಾಡು ನನ್ನದೆಂದು ಗೊತ್ತಿದ್ದೂ ನಾಟಕವಾಡುತ್ತಿದ್ದಾಳಾ ಎಂದು ಬೇರಿಂಗ್ ನೋಡುವ ಕಣ್ಣಿನಲ್ಲೇ ಅವಳ ಮುಖ ನೋಡಿದೆ. ಅವಳು ಇನ್ನೊಂದು ಕಾಯಿ ಬಿಡಿಸಿದಳು.

"ಆದ್ರೆ ಒಂದ್ ತಪ್ಪ್ ಮಾಡವ್ನೆ ಇವ್ನು. ಕರೆಂಟ್ ಬಿಲ್ ಯಾರ್ ಕಟ್ಟೋದು ಅಂತ ಕೇಳೋದೇ ಮರ್ತವ್ನೆ. ಕೊನೇಲಂತೂ ಉಸುರ್ ಕಟ್ಕೊಂಡ್ ಓಡ್ತಾನೆ, ಒಂದಕ್ಸರಾನೂ ತಿಳೀಕಿಲ್ಲ."

ನಾನು ಹುಟ್ಟಿದ ಮೇಲೆ ನನ್ನ ಕೆಲಸದಲ್ಲಿ ಅಮ್ಮ ಹಿಡಿದ ಮೊದಲ ತಪ್ಪುಗಳು ಅವು. ಎರಡೂ ನಿಜವಾಗಿದ್ದವು. ಕಣ್ಣಲ್ಲಿ ನೀರು ಬಂತು, ಮುಖ ಆ ಕಡೆ ತಿರುಗಿಸಿಕೊಂಡೆ. ಅದು ನಂದೇ, ಅಮ್ಮಾ ಎಂಬ ಮಾತು ತುದಿನಾಲಿಗೆಯವರೆಗೂ ಬಂದಿತ್ತು. ಹೇಳಿದರೆ ಅವಳು ಎದ್ದು ನಿಂತು ದೃಷ್ಟಿ ತೆಗೆಯುತ್ತಿದ್ದಳು, ಆ ಎರಡು ತಪ್ಪುಗಳೂ ಅಲ್ಲೇ ಮಾಯವಾಗುತ್ತಿದ್ದವು, ಇನ್ನು ಜನ್ಮದಲ್ಲಿ ಮೂರನೆಯದು ಸಿಕ್ಕುತ್ತಿರಲಿಲ್ಲ.

"ನೀನೂ ಇಂಗೆ ಒಂದ್ ಮಾಡ್ಬಾರ್ದೇನೋ?" ಅಂದಳು ಅಮ್ಮ.

"ನನ್ ಕೈಲಿ ಎಲ್ಲಿ ಆಗತ್ತಮ್ಮ," ಅಂದೆ.